ದಣಿದ ಮನಸ್ಸಿಗೆ ನಿಜವಾದ ಬಿಡುವು ಕೊಡುವ ಬಗೆ

ಮಾಡಬೇಕಾದ ಕೆಲಸಗಳು ಒಂದರ ಬೆನ್ನಿಗೊಂದು ಬಂದು ಬೀಳುತ್ತಿರುವಾಗ, ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕೆಂದು ತೋಚದೆ ಕೈಕಾಲೇ ಆಡದಂತಾಗುವ ಹೊತ್ತು ಹೆಚ್ಚುಕಡಿಮೆ ಎಲ್ಲರ ದಿನದಲ್ಲೂ ಬರುತ್ತದೆ. ಅಂಥ ಹೊತ್ತಿನಲ್ಲಿ ಸುತ್ತಲಿನವರು ಕೊಡುವ ಸಲಹೆ ಸಾಮಾನ್ಯವಾಗಿ ಒಂದೇ: ಸ್ವಲ್ಪ ಬಿಡುವು ಮಾಡಿಕೊಳ್ಳಿ. ಸಲಹೆಯಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನು ಪಾಲಿಸಿ, ಕಾಲು ಗಂಟೆ ಕುರ್ಚಿಗೆ ಒರಗಿ ಮೊಬೈಲ್ ನೋಡಿ ಎದ್ದವರಲ್ಲಿ ಅನೇಕರಿಗೆ ತಲೆಭಾರ ಹಾಗೆಯೇ ಉಳಿದಿರುತ್ತದೆ; ಜೊತೆಗೆ ಕಾಲು ಗಂಟೆ ಹಾಳಾಯಿತಲ್ಲ ಎಂಬ ಕಸಿವಿಸಿಯೂ ಸೇರಿಕೊಂಡಿರುತ್ತದೆ. ಕೆಲಸವೇನೋ ನಿಂತಿತ್ತು, ಆ ಕೆಲಸ ನಮ್ಮೊಳಗಿನ ಯಾವ ಶಕ್ತಿಯನ್ನು ಬಳಸುತ್ತಿತ್ತೋ ಅದರ ಬಳಕೆ ಮಾತ್ರ ನಿಂತಿರಲಿಲ್ಲ. ಆ ಬಳಕೆಯನ್ನು ನಿಲ್ಲಿಸುವುದು ಹೇಗೆ ಎಂಬುದೇ ಇಲ್ಲಿನ ವಿಷಯ.

1998ರಲ್ಲಿ ನೆದರ್ಲೆಂಡ್ಸ್‌ನ ಮನಶ್ಶಾಸ್ತ್ರಜ್ಞರಾದ ಥಿಯೋ ಮೈಮನ್ ಮತ್ತು ಹೈಸ್ಬರ್ಟಸ್ ಮುಲ್ಡರ್ ಇದಕ್ಕೊಂದು ಸರಳವಾದ ವಿವರಣೆ ಕೊಟ್ಟರು. ಕೆಲಸದ ವೇಳೆ ಏರುವ ಹೃದಯಬಡಿತ, ಬಿಗಿಯುವ ಸ್ನಾಯು, ಚುರುಕಾಗುವ ಎಚ್ಚರ ಇವು ತಮ್ಮಷ್ಟಕ್ಕೆ ಕೆಡುಕಿನವಲ್ಲ. ಅದೇ ವ್ಯವಸ್ಥೆಯ ಮೇಲೆ ಮತ್ತೆ ಬೇಡಿಕೆ ಬೀಳದಿದ್ದರೆ ಅವು ತಾವಾಗಿಯೇ ಹಿಂದಿನ ಮಟ್ಟಕ್ಕೆ ಇಳಿಯುತ್ತವೆ. ಇಳಿಯುವ ಮೊದಲೇ ಬೇಡಿಕೆ ಬಿದ್ದರೆ, ಉಳಿದ ದಣಿವಿನ ಮೇಲೆ ಹೊಸ ದಣಿವು ಕೂಡುತ್ತ ಹೋಗುತ್ತದೆ. ಇಳಿಯುವುದಕ್ಕೆ ಹೊತ್ತು ಬೇಕೆಂಬುದನ್ನೂ ಇಲ್ಲಿ ಗಮನಿಸಬೇಕು. ಒತ್ತಡದ ಗಳಿಗೆಯಲ್ಲಿ ಮೈಯಲ್ಲಿ ಸ್ರವಿಸುವ ಹಾರ್ಮೋನುಗಳ ಪೈಕಿ ಅಡ್ರಿನಲಿನ್ ಕ್ಷಣಗಳಲ್ಲಿ ಏರುತ್ತದೆ. ಕಾರ್ಟಿಸಾಲ್ ಹಾಗಲ್ಲ, ಅದು ಸಾಮಾನ್ಯವಾಗಿ ಒತ್ತಡ ಶುರುವಾದ 20ರಿಂದ 30 ನಿಮಿಷಗಳ ಹೊತ್ತಿಗೆ ತುದಿ ಮುಟ್ಟಿ, ಆಮೇಲೆ ನಿಧಾನವಾಗಿಯೇ ಇಳಿಯುತ್ತದೆ. ಬಿರುಸಿನ ಮಾತುಕತೆ ಮುಗಿದು ಎದುರಿನವರು ಹೊರಟುಹೋದ ಮೇಲೂ ಬಹಳ ಹೊತ್ತು ಮೈ ಸಮಾಧಾನಕ್ಕೆ ಬಾರದಿರುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ಐದು ನಿಮಿಷ ಕಣ್ಣು ಮುಚ್ಚಿ ಕುಳಿತರೂ ನೆಮ್ಮದಿ ಸಿಗಲಿಲ್ಲವೆಂದು, ತನಗೆ ವಿಶ್ರಾಂತಿಯೇ ಒಗ್ಗುವುದಿಲ್ಲ ಎಂಬ ತೀರ್ಮಾನಕ್ಕೆ ಯಾರೂ ಬರಬೇಕಾಗಿಲ್ಲ.

ದಣಿದಿರುವುದು ಯಾವುದು?

ಬಿಡುವಿಗೆ ಏಳುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಕಳೆದ ಒಂದೆರಡು ಗಂಟೆಗಳಲ್ಲಿ ನಾನು ಎಡೆಬಿಡದೆ ಕೊಡುತ್ತಿದ್ದದ್ದು ಏನನ್ನು? ಲೆಕ್ಕ ತಾಳೆ ನೋಡುತ್ತಿದ್ದವರು ಗಮನವನ್ನು ಕೊಡುತ್ತಿದ್ದರು. ದೂರು ಹೇಳಿಕೊಂಡು ಬರುವವರ ಎದುರಿಗೆ ಕುಳಿತವರು ತಾಳ್ಮೆಯನ್ನೂ ಮುಖದ ಮೇಲಿನ ಸೌಜನ್ಯವನ್ನೂ ಕೊಡುತ್ತಿದ್ದರು. ಕಾಯಿಲೆಯವರನ್ನು ನೋಡಿಕೊಳ್ಳುವವರು ಕೈಯಿಂದ ಮಾಡುವ ಕೆಲಸಕ್ಕಿಂತ ಹೆಚ್ಚಾಗಿ ಕಿವಿಯನ್ನು ಕೊಟ್ಟಿರುತ್ತಾರೆ. ಪಕ್ಕದ ಕೋಣೆಯಲ್ಲಿ ಕೆಮ್ಮಿದರೂ, ಹಾಸಿಗೆ ಕಿರ್ ಎಂದರೂ ಅವರ ಎಚ್ಚರ ಅತ್ತ ಹೊರಳುತ್ತದೆ. ಮನೆಯ ಅಥವಾ ಕಚೇರಿಯ ಎಲ್ಲ ತೀರ್ಮಾನಗಳೂ ತಮ್ಮ ಮೂಲಕವೇ ಹಾದುಹೋಗಬೇಕಾದ ಸ್ಥಾನದಲ್ಲಿರುವವರು, ಇದು ಬೇಕೋ ಅದು ಬೇಕೋ, ಇಂದೋ ನಾಳೆಯೋ ಎಂಬ ಸಣ್ಣಪುಟ್ಟ ಆಯ್ಕೆಗಳಲ್ಲೇ ಸವೆದಿರುತ್ತಾರೆ.

ಉತ್ತರ ಸಿಕ್ಕಿತೆಂದರೆ ಬಿಡುವಿನ ಸ್ವರೂಪ ಬಹುಮಟ್ಟಿಗೆ ತಾನೇ ಗೊತ್ತಾಗುತ್ತದೆ. ದಿನವಿಡೀ ಜನರೊಂದಿಗೆ ಮಾತನಾಡಿದವರಿಗೆ ಸಹೋದ್ಯೋಗಿಗಳ ಗುಂಪಿನಲ್ಲಿ ನಿಂತು ಹರಟುವುದು ಬಿಡುವಾಗದು. ಯಾರ ಮುಖವೂ ಕಾಣದ ಹತ್ತು ನಿಮಿಷ ಅವರಿಗೆ ಬೇಕು. ಒಬ್ಬರೇ ಕುಳಿತು ಬೆಳಗಿನಿಂದ ಕಡತ ಓದಿದವರಿಗೆ ಅದೇ ಹರಟೆ ಜೀವ ಬಂದಂತೆ ಮಾಡಬಹುದು. ನಿಂತುಕೊಂಡೇ ದುಡಿಯುವವರು ಕಾಲು ಮೇಲೆತ್ತಿ ಮಲಗಬೇಕು, ಕುಳಿತೇ ದುಡಿಯುವವರು ಎದ್ದು ನಡೆಯಬೇಕು. ಆಯ್ಕೆಗಳಿಂದ ದಣಿದವರಿಗೆ ಬಿಡುವಿನಲ್ಲಿ ಏನು ಮಾಡಬೇಕೆಂಬುದೇ ಇನ್ನೊಂದು ಆಯ್ಕೆಯಾಗಿ ಎದುರು ನಿಲ್ಲುತ್ತದೆ. ಅಂಥವರು ತಾವು ಹುರುಪಿನಲ್ಲಿರುವಾಗಲೇ ಒಂದು ಕ್ರಮವನ್ನು ಗೊತ್ತುಪಡಿಸಿಕೊಂಡು, ದಣಿದಾಗ ಯೋಚಿಸದೆ ಅದನ್ನೇ ಪಾಲಿಸುವುದು ಮೇಲು: ಇಂಥ ದಾರಿಯಲ್ಲಿ ನಡೆಯುವುದು, ಇಂಥ ಕಡೆ ಕೂರುವುದು, ಇಷ್ಟು ಹೊತ್ತಿಗೆ ಏಳುವುದು.

ಈ ಪೈಕಿ ಗಮನದ ದಣಿವನ್ನು ಕುರಿತು ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಇಂದಿನ ಕೆಲಸಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಖರ್ಚಾಗುವುದು ಅದೇ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿದ್ದ ರೇಚಲ್ ಕ್ಯಾಪ್ಲನ್ ಮತ್ತು ಸ್ಟೀಫನ್ ಕ್ಯಾಪ್ಲನ್ ದಂಪತಿ 1989ರಲ್ಲಿ ಪ್ರಕಟಿಸಿದ ಸಿದ್ಧಾಂತದ ಪ್ರಕಾರ, ನಾವು ಪ್ರಯತ್ನಪೂರ್ವಕವಾಗಿ ಒಂದೆಡೆ ನಿಲ್ಲಿಸುವ ಗಮನ ಬಳಸಿದಷ್ಟೂ ಸವೆಯುತ್ತದೆ. ತಾನಾಗಿ ಎಲ್ಲಿಗೋ ಹರಿಯುವ ಗಮನಕ್ಕೆ ಅಂಥ ಆಯಾಸವಿಲ್ಲ. ಎಲೆಗಳ ಅಲುಗಾಟ, ಮೋಡದ ಚಲನೆ, ಹರಿಯುವ ನೀರು ಇವು ಕಣ್ಣನ್ನು ಸೆಳೆಯುತ್ತವೆ, ಆದರೆ ಏನನ್ನೂ ಕೇಳುವುದಿಲ್ಲ. ಅಷ್ಟು ಹೊತ್ತು ಮೊದಲ ಬಗೆಯ ಗಮನಕ್ಕೆ ಕೆಲಸವಿಲ್ಲದೆ ಅದು ಚೇತರಿಸಿಕೊಳ್ಳುತ್ತದೆ. ಅದೇ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಬರ್ಮನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರನ್ನು ಸುಮಾರು 50 ನಿಮಿಷ ನಡೆಯಲು ಕಳಿಸಲಾಯಿತು. ಒಮ್ಮೆ ಮರಗಳ ತೋಪಿನೊಳಗೆ, ಇನ್ನೊಮ್ಮೆ ವಾಹನಗಳ ಓಡಾಟವಿರುವ ಪೇಟೆಯ ಬೀದಿಯಲ್ಲಿ. ಕೇಳಿಸಿಕೊಂಡ ಅಂಕಿಗಳನ್ನು ಹಿಂದುಮುಂದಾಗಿ ಹೇಳುವ ಪರೀಕ್ಷೆಯಲ್ಲಿ ಅವರು ಚೆನ್ನಾಗಿ ಮಾಡಿದ್ದು ತೋಪಿನ ನಡಿಗೆಯ ಬಳಿಕ. ಕೊರೆಯುವ ಚಳಿಯಲ್ಲಿ ನಡೆದು, ನಡಿಗೆ ಅಷ್ಟೇನೂ ಹಿತವೆನಿಸದವರಿಗೂ ಈ ಪ್ರಯೋಜನ ದೊರೆತಿತ್ತು.

ಈ ಕೊನೆಯ ಅಂಶವೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಬಿಡುವು ಖುಷಿ ಕೊಡಲೇಬೇಕೆಂದಿಲ್ಲ. ಖುಷಿ ಕೊಡುವ ಎಷ್ಟೋ ಸಂಗತಿಗಳು ದಣಿದ ಗಮನವನ್ನೇ ಮತ್ತೆ ದುಡಿಸುತ್ತವೆ. ಸಪ್ಪೆಯಾಗಿ ತೋರುವ ಎಷ್ಟೋ ಸಂಗತಿಗಳು ಅದನ್ನು ಅದರ ಪಾಡಿಗೆ ಬಿಡುತ್ತವೆ. ಮೊಬೈಲ್ ಸೇರುವುದು ಮೊದಲನೆಯ ಗುಂಪಿಗೆ. ಅದನ್ನು ಪಾಪವೆಂದು ದೂರುವ ಉದ್ದೇಶ ನನಗಿಲ್ಲ. ಆದರೆ ಪ್ರತಿಯೊಂದು ಸುದ್ದಿ, ಪ್ರತಿಯೊಂದು ವಿಡಿಯೊ ಓದಲೋ ಬಿಡಲೋ, ಮೆಚ್ಚಲೋ ಮುಂದೆ ಸಾಗಲೋ ಎಂಬ ಚಿಕ್ಕ ತೀರ್ಮಾನವನ್ನು ಬೇಡುತ್ತದೆ, ಯಾರದೋ ಸಿಟ್ಟನ್ನು ಅಥವಾ ಸಂಕಟವನ್ನು ನಮ್ಮ ಮುಂದೆ ತಂದಿಡುತ್ತದೆ, ನಡುವೆ ಕಚೇರಿಯ ಸಂದೇಶವೊಂದು ಇಣುಕಿದರೆ ಬಿಡುವು ಅಲ್ಲಿಗೇ ಮುಗಿಯುತ್ತದೆ. ಅಕ್ಷರಗಳು ಅದಲುಬದಲಾದ ಪದಗಳನ್ನು ಸರಿಪಡಿಸುವ ಕೆಲಸ ಕೊಟ್ಟು ನಡೆಸಿದ, 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ನಡುವಿನ ವಿರಾಮವನ್ನು ಮೊಬೈಲ್‌ನಲ್ಲಿ ಕಳೆದವರು ಮುಂದಿನ ಭಾಗದಲ್ಲಿ ಹಿಂದೆ ಬಿದ್ದಿದ್ದರು. ಮೊಬೈಲನ್ನು ಮೇಜಿನ ಮೇಲೆಯೇ ಬಿಟ್ಟು ಏಳುವುದು ಎಲ್ಲಕ್ಕಿಂತ ಸುಲಭದ ಉಪಾಯ. ತುರ್ತು ಕರೆ ಬರಬಹುದೆಂಬ ಕಾರಣಕ್ಕೆ ಒಯ್ಯಲೇಬೇಕಾದರೆ ಕರೆಯ ಸದ್ದೊಂದನ್ನು ಉಳಿಸಿಕೊಂಡು ಉಳಿದ ಸೂಚನೆಗಳನ್ನೆಲ್ಲ ಮುಚ್ಚಬಹುದು.

ಏಳುವ ಮುನ್ನ ಬರೆಯಬೇಕಾದ ಎರಡು ಸಾಲು

ಮೈ ಎದ್ದು ಹೊರಗೆ ಹೋದರೂ ಮನಸ್ಸು ಕುರ್ಚಿಯಲ್ಲೇ ಕುಳಿತಿರುವುದು ಬಿಡುವಿನ ಬಹು ದೊಡ್ಡ ತೊಡಕು. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದಂತೆ, ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದವರ ಗಮನದ ಒಂದು ಪಾಲು ಹಿಂದಿನ ಕೆಲಸದಲ್ಲೇ ಉಳಿದುಬಿಡುತ್ತದೆ. ಅರೆಬರೆ ಕೆಲಸಗಳು ಮನಸ್ಸನ್ನು ಕಾಡುತ್ತವೆಂಬ ವಿಚಾರ ಇನ್ನೂ ಹಳೆಯದು. 1927ರಲ್ಲಿ ಬ್ಲೂಮಾ ಝೈಗಾರ್ನಿಕ್ ಅವರು, ಮುಗಿದ ಕೆಲಸಕ್ಕಿಂತ ಮುಗಿಯದ ಕೆಲಸ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆಂದು ವರದಿ ಮಾಡಿದ್ದರು. ಆ ಫಲಿತಾಂಶ ಮುಂದಿನ ಪ್ರಯೋಗಗಳಲ್ಲಿ ಎಲ್ಲ ಕಡೆಯೂ ಒಂದೇ ರೀತಿ ಕಂಡುಬರಲಿಲ್ಲ. ನಮಗೆ ಹೆಚ್ಚು ಉಪಯೋಗಕ್ಕೆ ಬರುವುದು 2011ರಲ್ಲಿ ಮಸಿಕಾಂಪೊ ಮತ್ತು ಬಾಮೈಸ್ಟರ್ ಕಂಡುಕೊಂಡ ಸಂಗತಿ: ಬಾಕಿ ಉಳಿದ ಕೆಲಸವನ್ನು ಮುಗಿಸದಿದ್ದರೂ, ಅದನ್ನು ಯಾವಾಗ, ಹೇಗೆ ಮಾಡುವುದೆಂಬ ಖಚಿತ ಯೋಜನೆ ಹಾಕಿಕೊಂಡರೆ ಅದರ ಕಾಟ ಕಡಿಮೆಯಾಗುತ್ತದೆ.

ಇದನ್ನು ಆಚರಣೆಗೆ ತರಲು ಒಂದು ಚೂರು ಕಾಗದ ಸಾಕು. ಏಳುವ ಮುನ್ನ ಎರಡು ಸಾಲು ಬರೆಯಬೇಕು. ಒಂದರಲ್ಲಿ ಈಗ ಎಲ್ಲಿ ನಿಂತಿದ್ದೇನೆ ಎಂಬುದು, ಇನ್ನೊಂದರಲ್ಲಿ ಮರಳಿ ಬಂದ ಕೂಡಲೇ ಮಾಡುವ ಮೊದಲ ಕೆಲಸ. "ವರದಿ ಬಾಕಿ ಇದೆ" ಎಂದು ಬರೆದರೆ ಪ್ರಯೋಜನವಿಲ್ಲ, ಅದು ಆತಂಕವನ್ನೇ ಇನ್ನೊಮ್ಮೆ ಓದಿದಂತೆ. "ಮೂರನೆಯ ಪುಟದ ಮೊತ್ತ ತಾಳೆಯಾಗುತ್ತಿಲ್ಲ. ಬಂದು ಐದನೆಯ ಸಾಲಿನಿಂದ ಮತ್ತೆ ಕೂಡಿಸುವುದು" ಎಂದು ಬರೆದರೆ ಮನಸ್ಸು ಅದನ್ನು ಕಾಗದಕ್ಕೆ ಒಪ್ಪಿಸಿ ಹೊರಡುತ್ತದೆ. ಎದುರಿಗೆ ಹತ್ತು ಬಗೆಯ ಕೆಲಸಗಳು ಹರಡಿಕೊಂಡು ಕಂಗೆಡಿಸಿದ್ದರೆ, ಹತ್ತನ್ನೂ ಒಂದೊಂದು ಸಾಲಿನಲ್ಲಿ ಇಳಿಸಿ, ಬಂದ ಮೇಲೆ ಹಿಡಿಯುವ ಒಂದರ ಮುಂದೆ ಗುರುತು ಹಾಕಬೇಕು. ಉಳಿದ ಒಂಬತ್ತರ ಅನುಕ್ರಮವನ್ನು ಆಗ ಯೋಚಿಸುವ ಅಗತ್ಯವಿಲ್ಲ. ಕೈಯಲ್ಲಿ ಬರೆಯುವುದೇ ಒಳ್ಳೆಯದೆಂದು ನಾನು ಹೇಳುವುದು, ಮೊಬೈಲ್‌ನಲ್ಲಿ ಬರೆಯಹೋದವರು ಅಲ್ಲಿ ಬಂದು ಕುಳಿತ ಸಂದೇಶಗಳನ್ನು ನೋಡದೆ ಬಿಡುವುದು ಕಷ್ಟವೆಂಬ ಕಾರಣಕ್ಕಷ್ಟೇ.

ಜೊತೆಯಲ್ಲಿರುವವರಿಗೂ ಹೇಳಿ ಏಳಬೇಕು. ಎಲ್ಲಿಗೆ, ಏಕೆ ಎಂಬ ವಿವರಣೆ ಬೇಕಿಲ್ಲ. ಯಾವ ಹೊತ್ತಿಗೆ ಬರುತ್ತೇನೆ ಎಂಬುದಷ್ಟು ತಿಳಿದರೆ ಅವರು ಹುಡುಕುವುದಿಲ್ಲ, ನಮಗೂ ಯಾರೋ ಹುಡುಕುತ್ತಿರಬಹುದೆಂಬ ಅಳುಕು ಇರುವುದಿಲ್ಲ.

ಬಿಡುವಿನೊಳಗೆ

ಮೊದಲ ಒಂದೆರಡು ನಿಮಿಷ ಮೈಯನ್ನು ಇಳಿಸುವುದಕ್ಕೆ ಮೀಸಲಿಡುವುದು ಒಳ್ಳೆಯದು, ಏಕೆಂದರೆ ಮನಸ್ಸಿಗೆ ಶಾಂತವಾಗೆಂದು ಹೇಳಿದರೆ ಅದು ಕೇಳುವುದಿಲ್ಲ, ಉಸಿರಿಗೆ ಹೇಳಿದರೆ ಕೇಳುತ್ತದೆ. ಮೂಗಿನಿಂದ ಒಮ್ಮೆ ನಿಧಾನವಾಗಿ ಉಸಿರೆಳೆದುಕೊಂಡು, ಎದೆ ತುಂಬಿತೆನಿಸಿದ ಮೇಲೆ ಬಿಡದೆ ಇನ್ನೊಂದು ಗುಟುಕು ಉಸಿರನ್ನು ಒಳಗೆಳೆದು, ಬಳಿಕ ಬಾಯಿಯಿಂದ ಬಹಳ ನಿಧಾನವಾಗಿ, ಪೂರ್ತಿಯಾಗಿ ಹೊರಬಿಡಬೇಕು. ಒಳಗೆಳೆದುಕೊಂಡದ್ದಕ್ಕಿಂತ ಹೊರಬಿಡುವುದು ದೀರ್ಘವಾಗಿರಬೇಕೆಂಬುದೇ ಇದರ ಗುಟ್ಟು. ಉಸಿರು ಹೊರಹೋಗುವಾಗ ಹೃದಯಬಡಿತ ಸಹಜವಾಗಿ ತುಸು ನಿಧಾನವಾಗುತ್ತದೆ, ಆ ಅವಧಿಯನ್ನು ನಾವು ಉದ್ದ ಮಾಡಿದಂತಾಗುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಐದು ನಿಮಿಷದಂತೆ ಒಂದು ತಿಂಗಳು ಹೀಗೆ ಉಸಿರಾಡಿದವರ ಮನಸ್ಥಿತಿ, ಅಷ್ಟೇ ಹೊತ್ತು ಧ್ಯಾನ ಮಾಡಿದವರಿಗಿಂತ ಹೆಚ್ಚು ಸುಧಾರಿಸಿತ್ತು. ತಲೆ ಹಗುರಾಗಿ ತಿರುಗಿದಂತೆನಿಸಿದರೆ ಜೋರಾಗಿ ಎಳೆದುಕೊಳ್ಳುತ್ತಿದ್ದೇವೆಂದು ಅರ್ಥ. ಆಗ ನಿಲ್ಲಿಸಿ ಮಾಮೂಲಿನಂತೆ ಉಸಿರಾಡಬೇಕು.

ಆ ಬಳಿಕ ಬಿಗಿತವನ್ನು ಹುಡುಕಬೇಕು. ಅದು ಅಡಗುವ ಜಾಗಗಳು ಹೆಚ್ಚಿಲ್ಲ. ಮೇಲಿನ ಹಲ್ಲುಗಳು ಕೆಳಗಿನವಕ್ಕೆ ಒತ್ತಿಕೊಂಡಿವೆಯೇ ನೋಡಿ. ತುಟಿ ಮುಚ್ಚಿದ್ದರೂ ಹಲ್ಲುಗಳ ನಡುವೆ ತುಸು ಅಂತರವಿರುವುದೇ ದವಡೆಯ ವಿಶ್ರಾಂತ ಸ್ಥಿತಿ. ಹುಬ್ಬುಗಳ ನಡುವೆ ಗಂಟು, ಕಿವಿಯ ಕಡೆಗೆ ಏರಿದ ಹೆಗಲು, ಒಳಗೆಳೆದುಕೊಂಡ ಹೊಟ್ಟೆ, ಕಾರಣವಿಲ್ಲದೆ ಮುದುಡಿದ ಕಾಲ್ಬೆರಳು ಇವೂ ಹಾಗೆಯೇ. ಸಡಿಲಿಸಲು ಯತ್ನಿಸಿದರೂ ಸಡಿಲವಾಗದಿದ್ದರೆ ಬೇಕೆಂದೇ ಇನ್ನಷ್ಟು ಬಿಗಿದು, ಐದಾರು ಕ್ಷಣ ಹಿಡಿದು, ಒಮ್ಮೆಲೇ ಬಿಟ್ಟುಬಿಡಬೇಕು. ಎಡ್ಮಂಡ್ ಜೇಕಬ್‌ಸನ್ ಎಂಬ ಅಮೆರಿಕದ ವೈದ್ಯರು 1920ರ ದಶಕದಲ್ಲಿ ರೂಪಿಸಿದ ಕ್ರಮದ ತಿರುಳು ಇದು. ಬಿಗಿತ ಮತ್ತು ಸಡಿಲಿಕೆಗಳ ವ್ಯತ್ಯಾಸ ಸ್ಪಷ್ಟವಾಗಿ ಅರಿವಿಗೆ ಬಂದರೆ ಸಡಿಲಿಸುವುದು ಕೈವಶವಾಗುತ್ತದೆ ಎಂಬುದು ಅವರ ತಿಳಿವಳಿಕೆಯಾಗಿತ್ತು. ಪರದೆ ನೋಡಿ ದುಡಿಯುವವರು ಕಣ್ಣನ್ನೂ ಮರೆಯಬಾರದು. ಹತ್ತಿರದ್ದನ್ನು ನೋಡುವಾಗ ಕಣ್ಣಿನೊಳಗಿನ ಸ್ನಾಯು ಸಂಕುಚಿತವಾಗಿಯೇ ಇರುತ್ತದೆ, ಹಾಗೂ ಪರದೆಯ ಮುಂದೆ ನಾವು ರೆಪ್ಪೆ ಬಡಿಯುವುದೂ ಕಡಿಮೆ. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಬೇಕೆಂಬ ನೇತ್ರವೈದ್ಯರ ಸಲಹೆ ಹುಟ್ಟಿದ್ದು ಈ ಕಾರಣಕ್ಕೆ.

ಉಳಿದ ಹೊತ್ತನ್ನು ಸುಮ್ಮನೆ ಕಳೆಯಬಹುದು. ಮರಗಿಡಗಳಿರುವ ಕಡೆ ನಡೆಯುವುದು ಸಾಧ್ಯವಾದರೆ ಅದಕ್ಕಿಂತ ಉತ್ತಮವಾದದ್ದು ನನಗೆ ತಿಳಿದಿಲ್ಲ. ಸಾಧ್ಯವಿಲ್ಲದಿದ್ದರೆ ಆಕಾಶ ಕಾಣುವ ಕಿಟಕಿ. ಸುಮ್ಮನಿರುವುದು ಮೊದಮೊದಲು ಹಿಂಸೆಯೆನಿಸಿದರೆ ಅಚ್ಚರಿಪಡಬೇಕಾಗಿಲ್ಲ. ಟಿಮೊಥಿ ವಿಲ್ಸನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಖಾಲಿ ಕೋಣೆಯಲ್ಲಿ 6ರಿಂದ 15 ನಿಮಿಷ ತಮ್ಮ ಆಲೋಚನೆಗಳೊಂದಿಗೆ ಒಂಟಿಯಾಗಿ ಕೂರುವುದು ಹಲವರಿಗೆ ಬೇಡವೆನಿಸಿತ್ತು. ಕೆಲವರಂತೂ ಬೇಸರ ಕಳೆಯಲು, ಸ್ವಲ್ಪ ಹೊತ್ತಿನ ಹಿಂದೆ ಅಹಿತಕರವೆಂದು ತಾವೇ ಹೇಳಿದ್ದ ವಿದ್ಯುತ್ ಆಘಾತವನ್ನು ಗುಂಡಿ ಒತ್ತಿ ಕೊಟ್ಟುಕೊಂಡರು. ಅಂಥ ಚಡಪಡಿಕೆ ಇರುವವರು ಕೈಗೆ ಒಂದು ನಿರಪಾಯದ ಕೆಲಸ ಕೊಡುವುದು ವಾಸಿ: ಗಿಡಕ್ಕೆ ನೀರು ಹಾಕುವುದು, ಬಟ್ಟೆ ಮಡಿಸುವುದು, ಮೇಜಿನ ಧೂಳು ಒರೆಸುವುದು. ಕೈ ಆಡುತ್ತಿದ್ದರೆ ಮನಸ್ಸು ತನ್ನ ಪಾಡಿಗೆ ತಾನು ಅಲೆಯುತ್ತದೆ. ಆದರೆ ಆ ಕೆಲಸ ಬಾಕಿ ಪಟ್ಟಿಯಲ್ಲಿ ಇರುವಂಥದ್ದಾಗಿರಬಾರದು, ಅರ್ಧಕ್ಕೆ ಬಿಟ್ಟರೂ ಯಾರೂ ಕೇಳದಂಥದ್ದಾಗಿರಬೇಕು.

ಎಷ್ಟು ಹೊತ್ತು, ಯಾವಾಗ

25 ನಿಮಿಷ ದುಡಿದು 5 ನಿಮಿಷ ನಿಲ್ಲುವ ಕ್ರಮ ಹೆಸರುವಾಸಿಯಾಗಿದೆ. 1980ರ ದಶಕದ ಕೊನೆಯಲ್ಲಿ ಫ್ರಾನ್ಸೆಸ್ಕೊ ಚಿರಿಲೊ ತಮ್ಮ ಓದಿಗಾಗಿ ರೂಪಿಸಿಕೊಂಡ ಕ್ರಮವದು. ಕೆಲವರಿಗೆ ಹೊಂದುತ್ತದೆ, ಆಳವಾಗಿ ಮುಳುಗಿ ಮಾಡುವ ಕೆಲಸವಿರುವವರಿಗೆ ಅದೇ ಒಂದು ಅಡ್ಡಿಯಾಗುತ್ತದೆ. ನಿಮಿಷಗಳ ಲೆಕ್ಕಕ್ಕಿಂತ ಬಿಡುವಿನಿಂದ ಏನನ್ನು ನಿರೀಕ್ಷಿಸುತ್ತೇವೆ ಎಂಬ ಲೆಕ್ಕ ಉಪಯುಕ್ತ. ಹತ್ತು ನಿಮಿಷ ಮೀರದ ಕಿರುವಿರಾಮಗಳನ್ನು ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಅವುಗಳಿಂದ ಹುರುಪು ಹೆಚ್ಚುತ್ತದೆ, ಆಯಾಸ ತಗ್ಗುತ್ತದೆ, ಆದರೆ ಬುದ್ಧಿಗೆ ಭಾರವಾದ ಕೆಲಸ ಸುಧಾರಿಸಲು ಹತ್ತು ನಿಮಿಷ ಸಾಲದಿರಬಹುದು ಎಂದು ಹೇಳಿತು. ಅಂದರೆ ಬೆಳಗಿನಿಂದ ಆಗಾಗ ಎದ್ದು ಓಡಾಡುವುದು ಸಂಜೆಗೆ ಹೈರಾಣಾಗುವುದನ್ನು ತಪ್ಪಿಸೀತು; ಈಗಾಗಲೇ ತಲೆ ಚಿಟ್ಟುಹಿಡಿದು, ಅದೇ ಸಾಲನ್ನು ನಾಲ್ಕನೆಯ ಬಾರಿ ಓದುತ್ತಿರುವವರಿಗೆ ಅರ್ಧ ಗಂಟೆಯಾದರೂ ಬೇಕು.

ದಣಿವು ತಾನಾಗಿ ಬಂದು ಕದ ತಟ್ಟುವವರೆಗೆ ಕಾಯುವುದು ಹೆಚ್ಚಿನವರ ರೂಢಿ. ಜರ್ಮನಿಯ ಮನಶ್ಶಾಸ್ತ್ರಜ್ಞೆ ಸಬೀನ್ ಸೊನೆನ್‌ಟಾಗ್ ಗುರುತಿಸಿರುವಂತೆ, ಒತ್ತಡ ಹೆಚ್ಚಾದಷ್ಟೂ ಚೇತರಿಕೆಯ ಅಗತ್ಯ ಹೆಚ್ಚುತ್ತದೆ, ಆದರೆ ಅದೇ ಒತ್ತಡ ಚೇತರಿಸಿಕೊಳ್ಳುವ ಮನಸ್ಸನ್ನೂ ಅವಕಾಶವನ್ನೂ ಕಸಿಯುತ್ತದೆ. ಹೀಗಾಗಿ ಬಿಡುವನ್ನು ಆ ಗಳಿಗೆಯ ವಿವೇಚನೆಗೆ ಬಿಡದೆ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಗಡಿಯಾರಕ್ಕೆ ಕಟ್ಟಿಕೊಳ್ಳಲಾಗದವರು ಘಟನೆಗೆ ಕಟ್ಟಿಕೊಳ್ಳಬಹುದು: ಸಭೆ ಮುಗಿದ ಮೇಲೆ, ಕಠಿಣವಾದ ಕರೆಯನ್ನು ಇಟ್ಟ ಮೇಲೆ, ಮಗು ಮಲಗಿದ ಮೇಲೆ. ಮಗು ಮಲಗಿದ ಕೂಡಲೇ ಬಾಕಿ ಕೆಲಸಕ್ಕೆ ಧುಮುಕುವ ಬದಲು ಮೊದಲ ಹತ್ತು ನಿಮಿಷವನ್ನು ತನಗಾಗಿ ತೆಗೆದಿರಿಸಿಕೊಂಡರೆ, ಉಳಿದ ಹೊತ್ತಿನಲ್ಲಿ ಕೈ ಹೆಚ್ಚು ಓಡುತ್ತದೆ.

ಹಗಲು ನಿದ್ರೆಯ ಬಗ್ಗೆ ಒಂದು ಮಾತು. ಹಿಂದಿನ ರಾತ್ರಿ ನಿದ್ರೆ ಕೆಟ್ಟಿದ್ದರೆ ಬೇರೆ ಯಾವ ಬಗೆಯ ಬಿಡುವೂ ಅದರ ಜಾಗ ತುಂಬಲಾರದು. ನಾಸಾ ಸಂಸ್ಥೆ 1994ರಲ್ಲಿ ಪ್ರಕಟಿಸಿದ ವರದಿಯಂತೆ, ದೂರದ ವಿಮಾನಯಾನದ ಪೈಲಟ್‌ಗಳಿಗೆ ಸರದಿಯ ಮೇಲೆ 40 ನಿಮಿಷಗಳ ಅವಕಾಶ ಕೊಟ್ಟಾಗ ಅವರು ಸರಾಸರಿ 26 ನಿಮಿಷ ನಿದ್ರಿಸಿದರು ಮತ್ತು ಹಾರಾಟದ ಉಳಿದ ಅವಧಿಯಲ್ಲಿ, ನಿದ್ರಿಸದ ಪೈಲಟ್‌ಗಳಿಗಿಂತ ಹೆಚ್ಚು ಎಚ್ಚರವಾಗಿದ್ದರು. ಸಾಮಾನ್ಯರಿಗೆ 15ರಿಂದ 20 ನಿಮಿಷ ಸಾಕು; ಅದಕ್ಕಿಂತ ಬಹಳ ಮುಂದೆ ಹೋದರೆ ಗಾಢನಿದ್ರೆಗೆ ಜಾರಿ, ಎದ್ದಾಗ ಮಂಕು ಕವಿದಿರುತ್ತದೆ. ರಾತ್ರಿ ನಿದ್ರೆ ಬಾರದೆ ಒದ್ದಾಡುವವರು ಹಗಲು ಮಲಗದಿರುವುದೇ ಲೇಸು.

ಬಿಟ್ಟು ಏಳಲಾಗದವರಿಗೆ

ಇಂಥ ಸಲಹೆಗಳನ್ನು ಓದುವಾಗ, ಇವೆಲ್ಲ ಕುರ್ಚಿಯಿಂದ ಎದ್ದು ಹೋಗುವ ಸ್ವಾತಂತ್ರ್ಯವಿರುವವರಿಗೆ ಮಾತ್ರ ಎಂಬ ಆಕ್ಷೇಪ ಏಳುವುದು ನ್ಯಾಯವೇ. ಹಸುಗೂಸಿನ ತಾಯಿ, ವಯಸ್ಸಾದವರ ಆರೈಕೆಯಲ್ಲಿರುವ ಮಗ, ಸಾಲು ಕರಗದ ಕೌಂಟರಿನ ಹಿಂದೆ ಕುಳಿತ ಸಿಬ್ಬಂದಿ, ಇವರಿಗೆಲ್ಲ ಬಿಡುವು ಬೇರೆಯವರು ಒಪ್ಪಿದರೆ ಮಾತ್ರ ಸಿಗುವಂಥದ್ದು. ಇವರ ದಣಿವಿನ ಮೂಲ ಬಹುಪಾಲು ಎಚ್ಚರದಲ್ಲಿದೆ. ಮಗು ತೊಟ್ಟಿಲಲ್ಲಿ ನಿದ್ರಿಸುತ್ತಿರುವಾಗ ಪಕ್ಕದಲ್ಲೇ ಮಲಗಿದ ತಾಯಿಯ ಕಿವಿ ಇನ್ನೂ ಕೆಲಸದಲ್ಲಿಯೇ ಇರುತ್ತದೆ. ನೋಡುವವರಿಗೆ ಅದು ವಿಶ್ರಾಂತಿಯಂತೆ ಕಾಣುವುದರಿಂದ, "ಮಧ್ಯಾಹ್ನವೆಲ್ಲ ಮಲಗಿದ್ದೆಯಲ್ಲ" ಎಂಬ ಮಾತನ್ನೂ ಆಕೆ ಕೇಳಬೇಕಾಗುತ್ತದೆ.

ಆದ್ದರಿಂದ ಇಲ್ಲಿ ಕೇಳಬೇಕಾದದ್ದು ಸಹಾಯವನ್ನಲ್ಲ, ಹೊಣೆಯ ಹಸ್ತಾಂತರವನ್ನು. "ಸ್ವಲ್ಪ ನೋಡಿಕೊಳ್ಳಿ" ಎಂದರೆ ಕೇಳಿದವರು ಪ್ರತಿ ಐದು ನಿಮಿಷಕ್ಕೊಮ್ಮೆ ಬಾಗಿಲ ಬಳಿ ಬಂದು, ಔಷಧ ಎಲ್ಲಿದೆ, ಅಳು ನಿಲ್ಲುತ್ತಿಲ್ಲ ಎಂದು ವಿಚಾರಿಸುತ್ತಿರುತ್ತಾರೆ. ಬದಲಿಗೆ, "ನಾಲ್ಕು ಗಂಟೆಯವರೆಗೆ ಪೂರ್ತಿ ನಿಮ್ಮದೇ ಜವಾಬ್ದಾರಿ, ಔಷಧ, ಬಟ್ಟೆ, ವೈದ್ಯರ ನಂಬರು ಎಲ್ಲ ಈ ಮೇಜಿನ ಮೇಲಿವೆ, ತುರ್ತಾದದ್ದು ಬಿಟ್ಟು ಬೇರೆ ಯಾವುದಕ್ಕೂ ನನ್ನನ್ನು ಕರೆಯಬೇಡಿ" ಎಂದು ಹೇಳಿ, ಸದ್ದು ಕೇಳಿಸದಷ್ಟು ದೂರ ಹೋಗಬೇಕು. ಹೊಣೆ ಹೊತ್ತವರು ನಮ್ಮ ಹಾಗೆಯೇ ಮಾಡಬೇಕೆಂದು ನಿರೀಕ್ಷಿಸಬಾರದು, ಬಂದ ಮೇಲೆ ತಪ್ಪು ಹುಡುಕಲೂಬಾರದು. ಹುಡುಕಿದರೆ ಮುಂದಿನ ಸಲ ಅವರೂ ಹಿಂಜರಿಯುತ್ತಾರೆ, ನಮಗೂ ಬಿಟ್ಟುಹೋಗುವ ಧೈರ್ಯ ಬರುವುದಿಲ್ಲ. ಹೀಗೆ ವಾರಕ್ಕೆರಡು ಸಲ ಸಿಗುವ ಒಂದು ಗಂಟೆ, ದಿನವೂ ಅರೆಎಚ್ಚರದಲ್ಲಿ ಕಳೆಯುವ ಹಲವು ಗಂಟೆಗಳಿಗಿಂತ ಬೆಲೆಯುಳ್ಳದ್ದು.

ಕೌಂಟರಿನಲ್ಲಿರುವವರಿಗೆ ಅಷ್ಟೂ ಸಿಗದಿರಬಹುದು. ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವೆ ಒಂದು ದೀರ್ಘ ಉಸಿರು, ಹೆಗಲಿಳಿಸುವುದು, ಕಣ್ಣನ್ನು ಒಮ್ಮೆ ದೂರಕ್ಕೆ ಹಾಯಿಸುವುದು: ಇಷ್ಟೇ ಅವರ ಕೈಯಲ್ಲಿರುವುದು. ಇದರಿಂದ ದಣಿವು ಪೂರ್ತಿ ಹೋಗುತ್ತದೆಂದು ಹೇಳಲಾರೆ. ಹಿಂದಿನವರ ಮೇಲಿನ ಸಿಟ್ಟು ಮುಂದಿನವರ ಮೇಲೆ ತಿರುಗದಂತೆ ತಡೆಯುವಷ್ಟು ಶಕ್ತಿ ಅದಕ್ಕಿದೆ.

ಮರಳಿ ಬಂದಾಗ, ಮತ್ತು ಸಂಜೆ

ಬಿಡುವು ಕೆಡುವುದು ಸಾಮಾನ್ಯವಾಗಿ ಮುಗಿದ ಮೊದಲ ನಿಮಿಷದಲ್ಲಿ. ಬಂದು ಕುಳಿತ ತಕ್ಷಣ ಸಂದೇಶಗಳನ್ನು ತೆರೆದರೆ, ಏಳುವಾಗ ಇದ್ದ ಗೊಂದಲ ಹೊಸ ರೂಪದಲ್ಲಿ ಎದುರಾಗುತ್ತದೆ. ಬರೆದಿಟ್ಟ ಚೀಟಿಯನ್ನು ಓದಿ, ಅದರಲ್ಲಿರುವ ಒಂದು ಕೆಲಸವನ್ನು ಮಾಡಿ ಮುಗಿಸಿದ ಮೇಲೆಯೇ ಉಳಿದದ್ದನ್ನು ನೋಡಬೇಕು.

ಹಗಲಿನ ಕಿರುವಿರಾಮಗಳು ಎಷ್ಟೇ ಚೆನ್ನಾಗಿದ್ದರೂ ದಿನದ ಕೊನೆಯ ಬಿಡುವಿನ ಸ್ಥಾನವನ್ನು ತುಂಬಲಾರವು. ಸೊನೆನ್‌ಟಾಗ್ ಮತ್ತು ಶಾರ್ಲೆಟ್ ಫ್ರಿಟ್ಜ್ 2007ರಲ್ಲಿ ಕೆಲಸದ ನಂತರದ ಚೇತರಿಕೆಯನ್ನು ಅಳೆಯಲು ನಾಲ್ಕು ಅನುಭವಗಳನ್ನು ಗುರುತಿಸಿದರು: ಮನಸ್ಸು ಕೆಲಸದಿಂದ ಬೇರ್ಪಡುವುದು, ನಿರಾಳವಾಗುವುದು, ಹೊಸದೊಂದನ್ನು ಕಲಿತು ಪಳಗುವುದು, ತನ್ನ ಸಮಯದ ಮೇಲೆ ತನಗೆ ಹಿಡಿತವಿರುವುದು. ಮೂರನೆಯದನ್ನು ಕಂಡು ಕೆಲವರಿಗೆ ಆಶ್ಚರ್ಯವಾಗಬಹುದು. ಸೋತು ಬಂದವರು ಸಂಗೀತಾಭ್ಯಾಸಕ್ಕೋ ಈಜಿಗೋ ಹೋಗುವುದು ಮತ್ತಷ್ಟು ಶ್ರಮವೆಂದು ತೋರುತ್ತದೆ, ಆದರೆ ಹಗಲಿನಲ್ಲಿ ದುಡಿಯದ ಶಕ್ತಿಯೊಂದು ಅಲ್ಲಿ ಬಳಕೆಯಾಗುವುದರಿಂದ, ದುಡಿದ ಶಕ್ತಿಗೆ ನೆಮ್ಮದಿ ಸಿಗುತ್ತದೆ. ಇಡೀ ಸಂಜೆ ಸೋಫಾದ ಮೇಲೆ ಬಿದ್ದುಕೊಂಡು ನಾಳಿನ ಸಭೆಯನ್ನೇ ಯೋಚಿಸುವುದಕ್ಕಿಂತ ಇದು ಎಷ್ಟೋ ಮೇಲು.

ಬಿಡುವಿಗೆ ಮೀರಿದ್ದು

ಮೂರು ಜನ ಮಾಡಬೇಕಾದ ಕೆಲಸವನ್ನು ಒಬ್ಬರೇ ಮಾಡುತ್ತಿದ್ದರೆ ಆ ಹೊರೆಯನ್ನು ಉಸಿರಾಟದಿಂದ ಇಳಿಸಲಾಗದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ, ಸರಿಯಾಗಿ ನಿಭಾಯಿಸಲಾಗದ ದೀರ್ಘಕಾಲದ ಕೆಲಸದ ಒತ್ತಡದಿಂದ ಉಂಟಾಗುವ ಬಸವಳಿಕೆಯನ್ನು ಕಾಯಿಲೆಗಳ ಸಾಲಿಗೆ ಸೇರಿಸದೆ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ವಿವರಿಸಿದ್ದರ ಹಿಂದಿನ ಅರ್ಥವನ್ನು ಮೇಲಧಿಕಾರಿಗಳೂ ಮನೆಯವರೂ ಗಮನಿಸಬೇಕು. ಕ್ರಮವಾಗಿ ಬಿಡುವು ಮಾಡಿಕೊಂಡೂ ವಾರಗಟ್ಟಲೆ ಯಾವ ಚೇತರಿಕೆಯೂ ಕಾಣದಿದ್ದರೆ ಮಾತನಾಡಬೇಕಾದದ್ದು ಕೆಲಸದ ಪ್ರಮಾಣದ ಬಗ್ಗೆ. ಹಾಗೆ ಮಾತನಾಡುವಾಗ "ತುಂಬಾ ಕೆಲಸ" ಎಂಬ ದೂರಿಗಿಂತ, ಒಂದು ವಾರದಲ್ಲಿ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹೋಯಿತು, ಯಾವುದನ್ನು ಬಿಟ್ಟರೆ ಯಾವುದು ನಿಲ್ಲುತ್ತದೆ ಎಂಬ ಬರಹ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ.

ಎರಡು ವಾರಕ್ಕೂ ಮೀರಿ ಹೆಚ್ಚುಕಡಿಮೆ ದಿನವೂ ಮನಸ್ಸು ಕುಗ್ಗಿರುವುದು, ಹಿಂದೆ ಇಷ್ಟವಾಗುತ್ತಿದ್ದ ಯಾವುದರಲ್ಲೂ ಆಸಕ್ತಿ ಹುಟ್ಟದಿರುವುದು, ನಿದ್ರೆ ಅಥವಾ ಹಸಿವು ಬದಲಾಗಿರುವುದು ಕಂಡರೆ ವೈದ್ಯರನ್ನು ಕಾಣಬೇಕು. ಬದುಕೇ ಬೇಡವೆಂಬ ಯೋಚನೆ ಬಂದರೆ ಅಂದೇ, ಯಾರಾದರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬೇಕು. ರಕ್ತಹೀನತೆ, ಥೈರಾಯಿಡ್ ಗ್ರಂಥಿಯ ತೊಂದರೆ, ನಿದ್ರೆಯಲ್ಲಿ ಉಸಿರು ಕಟ್ಟುವ ಸಮಸ್ಯೆ ಇವೂ ಬಿಡುವಿಗೆ ಬಗ್ಗದ ದಣಿವಾಗಿಯೇ ಕಾಣಿಸಿಕೊಳ್ಳುತ್ತವೆ. ದಣಿವು ಯಾವಾಗಿನಿಂದ ಇದೆ, ರಾತ್ರಿ ಎಷ್ಟು ಗಂಟೆ ನಿದ್ರೆಯಾಗುತ್ತಿದೆ, ಗೊರಕೆಯ ಬಗ್ಗೆ ಮನೆಯವರು ಏನು ಹೇಳುತ್ತಾರೆ, ಯಾವ ಔಷಧಗಳನ್ನು ತೆಗೆದುಕೊಳ್ಳುತ್ತಿದ್ದೇವೆ ಎಂಬುದನ್ನು ಬರೆದುಕೊಂಡು ಹೋದರೆ, ಯಾವ ಪರೀಕ್ಷೆ ಮೊದಲು ಮಾಡಿಸಬೇಕೆಂದು ನಿರ್ಧರಿಸಲು ವೈದ್ಯರಿಗೆ ಅನುಕೂಲವಾಗುತ್ತದೆ.